ಮುಚ್ಚೀತು ಎಂದರೆ ಮುಚ್ಚುತ್ತದೆ ಎಂದಲ್ಲ

ನನಗೆ ಕಾನ್ಫಿಡೆನ್ಸ್ ಸಾಲದು ಎಂದು ಕೆರೊಲೈನಾದ ಬ್ಯಾಲಂಟೈನ್ ಬಡಾವಣೆಯ ನಮ್ಮ ಆಫೀಸಿನವರು ಬರೆದೇ ಕೊಟ್ಟಿದ್ದಾರೆ. ವರ್ಷದ ಕೊನೆಯ ರಿವ್ಯೂನಲ್ಲಿ, ಸುಧಾರಿಸಿಕೊಳ್ಳಬೇಕಾದ ಅಂಶ ಎಂಬ ತಲೆಬರಹದ ಕೆಳಗೆ. ಮೂವತ್ತು ದಾಟಿದ ಮೇಲೆ, ಮೀಸೆ ಚಿಗುರದ ಹುಡುಗರ ಜೊತೆ ಕೆಸರಿನಲ್ಲಿ ತೆವಳಿ ಆರ್ಮಿ ಟ್ರೈನಿಂಗ್ ಮುಗಿಸಿದವಳು ನಾನು. ಅದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡದೆ ಪಾರ್ಕಿಂಗ್ ಲಾಟಿಗೆ ಹೋಗಿ ಕಾರಿನಲ್ಲಿ ಕೂತು ಸ್ಟೀರಿಂಗ್ ಗುದ್ದಿದೆ. ಹಾರ್ನ್ ಹೊಡೆದುಕೊಂಡಿತು, ಪಕ್ಕದ ಕಾರಿನವರು ತಿರುಗಿ ನೋಡಿದರು, ಅದೂ ಒಂದು ಅವಮಾನವಾಯಿತು.

ನಾನು ಮೈಸೂರಿನವಳು. ಓದಲು ಬಂದು, ಕೆಲಸಕ್ಕೆ ಸೇರಿ, ಇಲ್ಲಿಯ ಸಿಟಿಜನ್ ಆದ ಮೇಲೆ ಆರ್ಮಿ ರಿಸರ್ವ್ ಸೇರಿದೆ. ರಿಸರ್ವ್ ಎಂದರೆ ವಾರವೆಲ್ಲ ಎಲ್ಲರಂತೆ ನೌಕರಿ, ತಿಂಗಳಿಗೊಂದು ವೀಕೆಂಡ್ ಯೂನಿಫಾರ್ಮ್ ತೊಟ್ಟು ಡ್ರಿಲ್. ಅಲ್ಲಿ ನನ್ನದು ಇಂಟೆಲಿಜೆನ್ಸ್ ಕೆಲಸ. ಗುಪ್ತಚರ ವಿಭಾಗ ಎಂದು ಕನ್ನಡದಲ್ಲಿ ಹೇಳಿದರೆ ಗೋಡೆ ಹಾರುವವಳಂತೆ ಕೇಳಿಸುತ್ತದೆ. ಅಟ್ಲಾಂಟಾ ಪಕ್ಕದ ಸುವಾನಿಯ ಒಂದು ಹಬ್ಬದೂಟದಲ್ಲಿ ಅಂಕಲ್ ಒಬ್ಬರು ನನ್ನನ್ನು ಮೂಲೆಗೆ ಕರೆದು, ತಮ್ಮ ಗ್ರೀನ್ ಕಾರ್ಡ್ ಫೈಲ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಸ್ವಲ್ಪ ಒಳಗಿನಿಂದ ನೋಡಿ ಹೇಳಲಾಗುತ್ತದೆಯೇ ಎಂದು ಪಿಸುಗುಟ್ಟಿದ್ದರು. ಇಲ್ಲ ಅಂಕಲ್ ಎಂದರೆ, ಹೇಳಬಾರದು ಅಂತ ರೂಲ್ಸ್ ಇರಬೇಕು ಬಿಡು ಎಂದು ಕಣ್ಣು ಮಿಟುಕಿಸಿದರು. ನಿಜವಾದ ಕೆಲಸ ಓದುವುದು. ಓದಿ, ಒಂದಕ್ಕೊಂದು ತಾಳೆ ನೋಡಿ, ಇನ್ನೂ ಓದಿ, ಕೊನೆಗೆ ದೊಡ್ಡವರು ತೀರ್ಮಾನ ತೆಗೆದುಕೊಳ್ಳುವಷ್ಟು ನಾಲ್ಕು ಸಾಲು ಬರೆಯುವುದು.

ಬ್ಯಾಲಂಟೈನ್‌ನ ಕೆಲಸವೂ ಹೆಚ್ಚುಕಡಿಮೆ ಅದೇ. ಕೋವಿಡ್ ತಣ್ಣಗಾಗಿ ಎಲ್ಲರನ್ನೂ ಮತ್ತೆ ಆಫೀಸಿಗೆ ಎಳೆದು ತಂದ ವರ್ಷ ನಾನು ಈ ಹಣಕಾಸಿನ ಕಂಪನಿ ಸೇರಿದ್ದು. ನಮಗಾಗಿ ಹೊರಗಿನಿಂದ ಕೆಲಸ ಮಾಡುವ ಕಾಲ್ ಸೆಂಟರುಗಳು ಯಾವಾಗ, ಯಾವ ಕಾರಣಕ್ಕೆ ಕೈಕೊಡಬಹುದು ಎಂದು ಮೊದಲೇ ಅಂದಾಜು ಮಾಡಿ ಹೇಳುವ ಸಣ್ಣ ಟೀಮು ನಮ್ಮದು. ಮಿಲಿಟರಿ ಅನುಭವ ಇದ್ದವರಿಗೆ ಆದ್ಯತೆ ಎಂದು ಜಾಹೀರಾತಿನಲ್ಲಿತ್ತು. ಆ ಅನುಭವವನ್ನು ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು ಎಂದು ಮಾತ್ರ ಬರೆದಿರಲಿಲ್ಲ.

ಮ್ಯಾನೇಜರ್ ಬೆಂಗಳೂರಿನ ಬಸವನಗುಡಿಯವರು. ಮೀಟಿಂಗಿನಲ್ಲಿ ಇಂಗ್ಲಿಷ್, ಕಾಫಿ ಮೆಷಿನ್ ಹತ್ತಿರ ಕನ್ನಡ. ಕೆಟ್ಟವರಲ್ಲ. ನನ್ನ ಮಗನಿಗೆ ಜ್ವರ ಬಂದಾಗ ತಾವೇ ಹೇಳಿ ಮನೆಗೆ ಕಳಿಸಿದವರು. ಟೀಮಿನ ಲೀಡ್ ಬೇರೆ ಊರಿಗೆ ಹೊರಟಾಗ, ಆ ಜಾಗ ನಿಮಗೇ ಎಂದು ಅವರೇ ಬಾಯಿ ಬಿಟ್ಟು ಹೇಳಿದ್ದರು. ನಾನು ನಂಬಿದೆ. ಗಂಡನಿಗೆ ಹೇಳಿದೆ, ಅವರು ಮೈಸೂರಿಗೆ ಫೋನ್ ಮಾಡಿ ಹೇಳಿದರು, ಅಲ್ಲಿಗೆ ಊರಿಗೆಲ್ಲ ಗೊತ್ತಾದಂತಾಯಿತು.

ಈಗ ಒಂದು ವಿಷಯ ಬಿಡಿಸಿ ಹೇಳಬೇಕು, ಎಲ್ಲ ರಗಳೆಯೂ ಅಲ್ಲಿಂದಲೇ ಹುಟ್ಟಿದ್ದು. ಆರ್ಮಿಯಲ್ಲಿ ನಮಗೆ ಮೊದಲು ಕಲಿಸುವುದು ಎರಡು ಮಾತನ್ನು ಬೆರೆಸಬಾರದು ಎಂದು. ಒಂದು, ಈ ಸಂಗತಿ ನಡೆಯುವ ಸಾಧ್ಯತೆ ಎಷ್ಟು. ಇನ್ನೊಂದು, ಹಾಗೆ ಹೇಳಲು ನಮ್ಮ ಕೈಯಲ್ಲಿರುವ ಮಾಹಿತಿ ಎಷ್ಟು ಗಟ್ಟಿ. ಈ ಎರಡನೆಯದಕ್ಕೆ ಅವರು ಇಟ್ಟ ಹೆಸರು ಕಾನ್ಫಿಡೆನ್ಸ್. ಒಬ್ಬನೇ ಹೇಳಿದ್ದು, ಬೇರೆ ಕಡೆಯಿಂದ ಖಾತ್ರಿಯಾಗಿಲ್ಲ ಎಂದರೆ ಲೋ ಕಾನ್ಫಿಡೆನ್ಸ್ ಎಂದು ಬರೆಯಬೇಕು. ಬರೆದವಳ ಎದೆಗಾರಿಕೆಗೂ ಅದಕ್ಕೂ ಸಂಬಂಧವಿಲ್ಲ. ಹಾಗೆ ಬರೆಯದೆ ಮುಚ್ಚಿಟ್ಟರೆ ಅಲ್ಲಿ ಬೈಸಿಕೊಳ್ಳಬೇಕಾಗುತ್ತದೆ.

ಒಂದು ಸೆಪ್ಟೆಂಬರ್, ಕೆರೊಲೈನಾದ ಕರಾವಳಿಯ ಕಡೆಗೆ ಬಿರುಗಾಳಿ ಹೊರಟಿತ್ತು. ಅಲ್ಲೊಂದು ಊರಿನಲ್ಲಿ ನಮ್ಮ ಕಾಲ್ ಸೆಂಟರ್ ಇತ್ತು. ನಾನು ಬರೆದೆ: ಸೆಂಟರ್ ವೀಕೆಂಡಿನಲ್ಲಿ ಮುಚ್ಚುವ ಸಾಧ್ಯತೆ ಹೆಚ್ಚು; ಕಾನ್ಫಿಡೆನ್ಸ್ ಲೋ, ಏಕೆಂದರೆ ಅಲ್ಲಿಯ ಜನರೇಟರ್ ಕೆಟ್ಟಿದೆ ಎಂದು ಒಬ್ಬರು ಮಾತ್ರ ಹೇಳಿದ್ದಾರೆ; ಕರೆಗಳನ್ನು ಶುಕ್ರವಾರದೊಳಗೆ ಬೇರೆ ಸೆಂಟರಿಗೆ ತಿರುಗಿಸುವುದು ಒಳ್ಳೆಯದು. ಮ್ಯಾನೇಜರ್ ಓದಿ ಕನ್ನಡಕ ತೆಗೆದರು.

"ನೀವೇ ಲೋ ಕಾನ್ಫಿಡೆನ್ಸ್ ಅಂತ ಬರ್ಕೊಂಡ್ರೆ, ನಾನು ಇದನ್ನ ಮೇಲಕ್ಕೆ ಹೇಗ್ರೀ ಫಾರ್ವರ್ಡ್ ಮಾಡ್ಲಿ?"

ನಾನು ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು. ಕೇಳಿ, ಹಾಗಾದರೆ ನಿಮಗೆ ಖಾತ್ರಿಯಾದ ಮೇಲೆ ಕಳಿಸೋಣ ಎಂದರು. ಖಾತ್ರಿಯಾಗುವುದು ಬಿರುಗಾಳಿ ಬಂದು ಹೋದ ಮೇಲೆ ತಾನೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಆ ವೀಕೆಂಡೇ ನನಗೆ ಡ್ರಿಲ್ ಇತ್ತು. ಅಟ್ಲಾಂಟಾ ಕಡೆಗೆ ಹೆದ್ದಾರಿ ಹಿಡಿದು ಹೊರಟೆ.

ಡ್ರಿಲ್‌ನಲ್ಲಿ ನಾವು ಕೂತು ಓದುವ ಕೋಣೆಗೆ ಫೋನ್ ತರುವಂತಿಲ್ಲ. ಹೊರಗಿನ ಸಣ್ಣ ಲಾಕರಿನಲ್ಲಿಟ್ಟು ಹೋಗಬೇಕು. ಶನಿವಾರ ಸಂಜೆ ಲಾಕರ್ ತೆಗೆದರೆ ಫೋನಿನ ತುಂಬ ಮ್ಯಾನೇಜರ್ ಕರೆಗಳು. ಸೆಂಟರಿಗೆ ಕರೆಂಟ್ ಇಲ್ಲ, ಜನರೇಟರ್ ಹತ್ತಿಲ್ಲ, ಕಾರ್ಡ್ ಕಳೆದುಕೊಂಡ ಗ್ರಾಹಕರು ಫೋನ್ ಹಿಡಿದು ಕಾಯುತ್ತಿದ್ದಾರೆ. ನಾನು ಹೇಳಿದ್ದೇ ಆಗಿತ್ತು. ಸೋಮವಾರ ಮೀಟಿಂಗಿನಲ್ಲಿ ಅದನ್ನು ಯಾರಾದರೂ ಎತ್ತಿಯಾರು ಎಂದು ಕಾದೆ. ಎತ್ತಿದರು. ಎಚ್ಚರಿಕೆ ಕೊಟ್ಟವರಿಗೇ ಕಾನ್ಫಿಡೆನ್ಸ್ ಇರಲಿಲ್ಲ, ಬೇಕಾದಾಗ ಫೋನಿಗೂ ಸಿಗಲಿಲ್ಲ ಎಂದು. ರಿಸರ್ವ್ ಡ್ಯೂಟಿಗೆ ಕಂಪನಿ ಅಡ್ಡಿ ಮಾಡುವಂತಿಲ್ಲ ಎಂದು ಕಾನೂನಿದೆ, ಅಡ್ಡಿ ಯಾರೂ ಮಾಡಲಿಲ್ಲ. ನಿಮ್ಮ ವೆಕೇಶನ್ ಹೇಗಿತ್ತು ಎಂದು ಮಾತ್ರ ಒಬ್ಬರು ಕೇಳಿದರು.

ರಿವ್ಯೂನಲ್ಲಿ ಆ ಸಾಲು ಬಂದದ್ದು ಆಮೇಲೆ. ಲೀಡ್ ಜಾಗ ಸದ್ಯಕ್ಕೆ ತಡೆಹಿಡಿದಿದ್ದಾರೆ, ಮುಂದಿನ ವರ್ಷ ನೋಡೋಣ ಎಂದರು ಮ್ಯಾನೇಜರ್. ಅಷ್ಟರೊಳಗೆ ನಾನು ಒಂದು ಆನ್‌ಲೈನ್ ಕೋಚಿಂಗ್ ಮುಗಿಸಬೇಕಂತೆ. ಮುಗಿಸಿದೆ. ಕನ್ನಡಿಯ ಮುಂದೆ ಕಾಲು ಅಗಲಿಸಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ನಾನು ಸಮರ್ಥಳು ಎಂದು ಹೇಳಿಕೊಳ್ಳಬೇಕಿತ್ತು. ಯೂನಿಟ್ಟಿನಲ್ಲಿ ಸಾರ್ಜೆಂಟ್ ನಾನು, ಹುಡುಗರಿಗೆ ಹೇಗೆ ನಿಲ್ಲಬೇಕೆಂದು ಹೇಳಿಕೊಡುವವಳು. ಮಗ ಬಾಗಿಲಲ್ಲಿ ನಿಂತು, "ಅಮ್ಮಾ, ವೈ ಆರ್ ಯೂ ಫೈಟಿಂಗ್ ದ ಮಿರರ್?" ಎಂದ.

ಮುಂದಿನ ಬೇಸಿಗೆ ಒಂದು ಡ್ರಿಲ್ ಮುಗಿಸಿ ಸುವಾನಿಯ ನಾದಿನಿಯ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಡ್ರಿಲ್ ಇದ್ದಾಗಲೆಲ್ಲ ನನ್ನ ಬಿಡಾರ ಅಲ್ಲೇ. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಿಂದ ತಂದ ನುಗ್ಗೆಕಾಯಿಯ ಹುಳಿ ಮಾಡಿದ್ದಳು. ನಾನು ಎಂದಿನಂತೆ ಆಫೀಸಿನ ಪುರಾಣ ಬಿಚ್ಚಿದೆ, ಅವಳು ಹೂಂಗುಡುತ್ತ ಬಡಿಸುತ್ತಿದ್ದಳು. ಅಷ್ಟರಲ್ಲಿ ಅವಳ ಮಗಳು ಕಾಲುಚೀಲದಲ್ಲೇ ನುಣುಪು ಮೆಟ್ಟಿಲು ಇಳಿಯುತ್ತ ದಡದಡ ಬಂದಳು. ನಾದಿನಿ ತಿರುಗಿಯೂ ನೋಡದೆ, "ಮೆತ್ತಗೆ, ಬಿದ್ದೀಯ" ಎಂದಳು. ಹುಡುಗಿ "ಐ ವೋಂಟ್" ಎಂದಳು. ಆದರೆ ಕೈ ಆಗಲೇ ಕಂಬಿ ಹಿಡಿದಿತ್ತು.

ನನ್ನ ತುತ್ತು ಕೈಯಲ್ಲೇ ನಿಂತಿತು. ಬಿದ್ದೀಯ. ಬೀಳುತ್ತೀಯ ಎಂದಲ್ಲ, ಬೀಳುವುದಿಲ್ಲ ಎಂದೂ ಅಲ್ಲ. ಬಿದ್ದರೂ ಬೀಳಬಹುದು, ನನಗೆ ಖಾತ್ರಿಯಿಲ್ಲ, ನೀನು ಮಾತ್ರ ಈಗಲೇ ಕಂಬಿ ಹಿಡಿ. ಶಾಲೆಯಲ್ಲಿ ಸಂಭಾವನಾರ್ಥಕ ರೂಪ ಎಂದು ಉರು ಹೊಡೆದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಆರ್ಮಿ ನನಗೆ ವಾರಗಟ್ಟಲೆ ಕಲಿಸಿದ್ದನ್ನು ನಮ್ಮವರು ಕ್ರಿಯಾಪದದ ಬಾಲಕ್ಕೆ ಕಟ್ಟಿಬಿಟ್ಟಿದ್ದಾರೆ! ನಾದಿನಿಗೆ ಹೇಳಿದರೆ, "ಅತ್ತಿಗೆ, ಹುಳಿ ತಣ್ಣಗಾಗುತ್ತೆ, ಊಟ ಮಾಡಿ" ಎಂದಳು.

ಆ ವರ್ಷವೂ ಬಿರುಗಾಳಿ ಹೊರಟಿತು, ಅದೇ ಕರಾವಳಿಗೆ. ಜನರೇಟರ್ ರಿಪೇರಿಯಾಗಿದೆ ಎಂದು ಒಬ್ಬರು, ಇಲ್ಲ ಎಂದು ಇನ್ನೊಬ್ಬರು. ನಾನು ಇಂಗ್ಲಿಷಿನ ನೋಟನ್ನು ಸರಿಯಾದ ರೀತಿಯಲ್ಲೇ ಬರೆದೆ, ಲೋ ಕಾನ್ಫಿಡೆನ್ಸ್ ಸಮೇತ. ಅದನ್ನು ಮ್ಯಾನೇಜರಿಗೆ ಕಳಿಸಿ, ಅವರು ಓದುವ ಮುಂಚೆಯೇ ಕಾಫಿ ಮೆಷಿನ್ ಹತ್ತಿರ ಹಿಡಿದೆ. ಸುತ್ತಿ ಬಳಸಿ ಹೇಳಲಿಲ್ಲ.

"ಸರ್, ಆ ಸೆಂಟರ್ ಮುಚ್ಚೀತು. ಕಾಲ್ಸ್ ಈಗ್ಲೇ ಶಿಫ್ಟ್ ಮಾಡ್ಸಿ."

ಹೌದಾ ಎಂದರು. ಕಪ್ ಅಲ್ಲೇ ಇಟ್ಟು ತಮ್ಮ ರೂಮಿಗೆ ನಡೆದರು. ಮಧ್ಯಾಹ್ನದೊಳಗೆ ಕರೆಗಳೆಲ್ಲ ಬೇರೆ ಸೆಂಟರಿಗೆ ತಿರುಗಿದ್ದವು. ನನಗೆ ಆದ ಖುಷಿ ಹೇಳತೀರದು. ಲೀಡ್ ಜಾಗ ಕೈಗೆ ಬಂದ ಹಾಗೇ ಅನ್ನಿಸಿತು. ಸಂಜೆ ಮಗನಿಗೆ ಐಸ್ ಕ್ರೀಮ್ ಕೊಡಿಸಿದೆ.

ಬಿರುಗಾಳಿ ತಿರುಗಿ ಸಮುದ್ರಕ್ಕೇ ಹೋಯಿತು. ಆ ಊರಿನಲ್ಲಿ ಒಂದು ದಿನ ಮಳೆ, ಮಾರನೆಯ ದಿನ ಬಿಸಿಲು. ಸೆಂಟರಿನವರು ಕೆಲಸವಿಲ್ಲದೆ ಕೂತಿದ್ದರು, ಬೇರೆ ಸೆಂಟರಿನವರು ಎರಡು ಪಾಲು ದುಡಿದು ಸಿಟ್ಟಾಗಿದ್ದರು. ಮೀಟಿಂಗಿನಲ್ಲಿ ಮೇಲಿನವರು ಪರದೆಯ ಮೇಲೆ ಒಂದು ಇಮೇಲ್ ತೋರಿಸಿದರು. ಮ್ಯಾನೇಜರ್ ಕಳಿಸಿದ್ದು. ನಮ್ಮ ಅನಲಿಸ್ಟ್ ಪ್ರಕಾರ ಸೆಂಟರ್ ಖಂಡಿತ ಮುಚ್ಚುತ್ತದೆ ಎಂದು ಅದರಲ್ಲಿತ್ತು. ನನ್ನ ನೋಟನ್ನು ಅದಕ್ಕೆ ಲಗತ್ತಿಸಿರಲೇ ಇಲ್ಲ.

ಮೀಟಿಂಗ್ ಮುಗಿದ ಮೇಲೆ ಅವರ ರೂಮಿಗೆ ಹೋದೆ. ನಾನು ಹಾಗೆ ಹೇಳಲಿಲ್ಲವಲ್ಲ ಎಂದೆ. ಅವರಿಗೂ ಬೇಜಾರಾಗಿತ್ತು, ಸುಳ್ಳು ಹೇಳಬಾರದು.

"ಮುಚ್ಚೀತು ಅಂದ್ರಲ್ಲ ನೀವು. ಇಂಗ್ಲಿಷಲ್ಲಿ ಅದಕ್ಕೆ ಇನ್ನೇನು ಹೇಳ್ಬೇಕಿತ್ತು?"

ಹೇಳಬೇಕಾದದ್ದನ್ನು ನೋಟಿನಲ್ಲಿ ಬರೆದೇ ಕೊಟ್ಟಿದ್ದೆ, ಅದನ್ನವರು ಕಳಿಸಲಿಲ್ಲ. ಹೋದ ಸಲ ಹೇಳಿದ್ದು ಆಗಿ ನಾನು ತಪ್ಪಿತಸ್ಥೆ, ಈ ಸಲ ಆಗದೆ ತಪ್ಪಿತಸ್ಥೆ. ಲೀಡ್ ಜಾಗವನ್ನು ಆ ವಾರವೇ ಬೇರೊಬ್ಬರಿಗೆ ಕೊಟ್ಟರು. ಯಾವ ಪ್ರಶ್ನೆಗೂ ನೂರಕ್ಕೆ ನೂರು ಎನ್ನುವ ಮನುಷ್ಯ. ತಪ್ಪಾದರೂ ಜೋರಾಗಿ ತಪ್ಪಾಗುತ್ತಾನೆ, ಅದು ಎಲ್ಲರಿಗೂ ಇಷ್ಟ. ನನಗೆ ಹೊಟ್ಟೆ ಉರಿಯಿತು, ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ.

ಆ ಶುಕ್ರವಾರ ಸಂಜೆ ಜೋರು ಮಳೆ ಬಂದು ನಿಂತಿತ್ತು. ಪಾರ್ಕಿಂಗ್ ಲಾಟಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳ ಮೇಲೆ ಎಲೆಗಳು ಬಿದ್ದು ಒದ್ದೆಯಾಗಿ ಅಂಟಿಕೊಂಡಿದ್ದವು. ಮ್ಯಾನೇಜರ್ ನನಗಿಂತ ಮುಂದೆ ಇಳಿಯುತ್ತಿದ್ದರು, ಕಂಕುಳಲ್ಲಿ ಲ್ಯಾಪ್‌ಟಾಪ್, ಕೈಯಲ್ಲಿ ಫೋನ್, ಕಣ್ಣು ಫೋನಿನ ಮೇಲೆ. ಆ ವಾರ ಅವರೊಡನೆ ಮಾತು ಬಿಟ್ಟಿದ್ದೆ. ಆದರೂ ಬಾಯಿ ತಾನಾಗಿ ಆಡಿಬಿಟ್ಟಿತು.

"ಸರ್, ಬಿದ್ದೀರಿ."

ಅವರು ತಿರುಗಿ ನೋಡಲಿಲ್ಲ. ಯಾರು ಹೇಳಿದ್ದು, ಎಷ್ಟು ಖಾತ್ರಿ ಎಂದು ಕೇಳಲಿಲ್ಲ. ಫೋನನ್ನು ಜೇಬಿಗೆ ತುರುಕಿ ಕಂಬಿ ಹಿಡಿದರು, ಒಂದೊಂದೇ ಮೆಟ್ಟಿಲು ನೋಡಿ ಇಳಿದು, ಕಾರು ಹತ್ತಿ ಮನೆಗೆ ಹೋದರು. ಬೀಳಲಿಲ್ಲ. ಸೋಮವಾರ ಬೆಳಿಗ್ಗೆ ಬಂದು, ನೀವು ಹೇಳಿದಿರಿ, ನಾನು ಬೀಳಲೇ ಇಲ್ಲವಲ್ಲ ಎಂದು ನನ್ನನ್ನು ಕೇಳಲೂ ಇಲ್ಲ.