ಹೆಚ್ಚಾದ ಡಾಂಬರಿನ ದಾರಿ

ಭಾನುವಾರ ಬೆಳಿಗ್ಗೆ ಏಳಕ್ಕೆ ಬಸವನ ಬಾಗೇವಾಡಿ ಬಿಟ್ಟೆವು. ಸ್ಕೂಟರು ಓಡಿಸುತ್ತಿದ್ದವಳು ನನ್ನ ಹೆಂಡತಿ ಶಾಂತಾ. ನಲವತ್ತೆಂಟನೆಯ ವಯಸ್ಸಿನಲ್ಲಿ ಕಲಿತವಳು. ದೇವರ ಹಿಪ್ಪರಗಿಯ ಶಾಲೆಗೆ ಅವಳಿಗೆ ವರ್ಗವಾಗಿತ್ತು. ಹೊತ್ತಿಗೆ ಸರಿಯಾದ ಬಸ್ಸಿಲ್ಲ, ಸೋಮವಾರದಿಂದ ಒಬ್ಬಳೇ ಹೋಗಬೇಕು. ದಾರಿ ನೋಡಿಬರೋಣವೆಂದು ನಾನು ಹಿಂದೆ ಕೂತಿದ್ದೆ. ನೂರು ರೂಪಾಯಿ ಪೆಟ್ರೋಲು ಹಾಕಿಸಿದ್ದೆವು.

ಮೊದಲ ಅರ್ಧ ಗಂಟೆ ಸುಖವಾಗಿತ್ತು. ಎರಡೂ ಕಡೆ ತೊಗರಿ ಹೂ, ತಣ್ಣನೆ ಗಾಳಿ. ಆಮೇಲೆ ನನ್ನ ರಸ್ತೆ ಬಂತು. ನನ್ನದು ಎನ್ನಲು ಕಾರಣವಿದೆ: ಐದು ವರ್ಷದ ಹಿಂದೆ ಗುತ್ತಿಗೆದಾರರೊಬ್ಬರ ಸೂಪರ್‌ವೈಸರ್ ಆಗಿ ಆ ನಾಲ್ಕು ಕಿಲೋಮೀಟರು ಹಾಕಿಸಿದವನು ನಾನು. ಈಗ ಕಬ್ಬಿನ ಟ್ರ್ಯಾಕ್ಟರುಗಳ ಗಾಲಿ ಓಡಿದಲ್ಲೆಲ್ಲ ಡಾಂಬರು ನಾಲ್ಕು ಬೆರಳು ಕುಸಿದು, ಬದಿಗೆ ಉಬ್ಬಿ, ಉದ್ದಕ್ಕೂ ಎರಡು ಕಾಲುವೆಗಳಾಗಿದ್ದವು. ನಮ್ಮ ಗಾಲಿ ಒಂದರಲ್ಲಿ ಇಳಿಯಿತು. ಹಿಂದಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಹಾರ್ನ್ ಹೊಡೆಯತೊಡಗಿತು. ಶಾಂತಾ ಹ್ಯಾಂಡಲ್ ತಿರುಗಿಸಿದಷ್ಟೂ ಗಾಲಿ ಅಂಚಿನಿಂದ ಜಾರಿ ಮತ್ತೆ ಒಳಗೇ ಬೀಳುತ್ತಿತ್ತು. ನಾನು ಹೊರಳಿ ಹೊರಳಿ ಟ್ರ್ಯಾಕ್ಟರು ನೋಡುತ್ತಿದ್ದೆ.

"ಸುಮ್ಮ ಕುಂದರ್ರಿ, ನೀವ ಅಳ್ಳಾಡಾಕತ್ತೀರಿ," ಎಂದಳು. ಹೇಗೋ ಕಾಲುವೆಯಿಂದ ಮೇಲೆ ಬಂದು ಆ ರಸ್ತೆಯ ಹಳ್ಳಿಯ ಚಹಾದಂಗಡಿ ಮುಟ್ಟಿದೆವು.

ಅಂಗಡಿಯ ಮಲ್ಲಪ್ಪ ನನ್ನ ಗುರುತು ಹಿಡಿದ. ರಸ್ತೆ ಹಾಕುವಾಗ ನಾವು ಕಡಿಮೆ ಹಾಕಿ ಡಾಂಬರು ಕದಿಯುತ್ತಿದ್ದೇವೆಂದು ಊರವರನ್ನು ಕರೆತಂದು ಕೆಲಸಕ್ಕೆ ಅಡ್ಡ ಕೂತವನು ಇವನೇ. ರಸ್ತೆ ಕರ್ರಗೆ ಹೊಳೆಯಬೇಕು ಎಂಬುದು ಅವರ ಹಟ. ಮೂರನೆಯ ದಿನ ನಾನು ಮಣಿದು ಹೆಚ್ಚು ಹಾಕಿಸಿದ್ದೆ. ಅದರ ಋಣವೆಂಬಂತೆ ಚಹಾಕ್ಕೆ ದುಡ್ಡು ಬೇಡವೆಂದ.

"ಅಷ್ಟ ಡಾಂಬರ ಹಾಕಿದ್ರೂ ಹಿಂಗ್ಯಾಕ ಆತ್ರಿ?" ಎಂದು ಕೇಳಿದ.

"ಹಾಕಿದ್ದಕ್ಕ ಆತು. ಹೆಚ್ಚಾದ್ರ ಬಿಸಿಲಿಗೆ ಮೆತ್ತಗಾಗತೈತಿ. ನನಗ ಅವತ್ತ ಗೊತ್ತಿತ್ತು."

ಮಲ್ಲಪ್ಪ ರಸ್ತೆಯ ಕಡೆ ನೋಡಿದ. ಶಾಂತಾ ನನ್ನ ಕಡೆ ನೋಡಿದಳು.

ಹಿಪ್ಪರಗಿಯಲ್ಲಿ ಶಾಲೆಯ ಗೇಟು ನೋಡಿ, ಖಾನಾವಳಿಯಲ್ಲಿ ರೊಟ್ಟಿ ತಿಂದು ಮಧ್ಯಾಹ್ನ ಹೊರಳಿದೆವು. ಬರುವಾಗ ಆ ನಾಲ್ಕು ಕಿಲೋಮೀಟರು ಅವಳು ಅಂಚಿನಗುಂಟ ನಿಧಾನಕ್ಕೆ ಓಡಿಸಿದಳು. ದಾಟಿದ ಮೇಲೆ ಸ್ಕೂಟರು ನಿಲ್ಲಿಸಿದಳು.

"ಗೊತ್ತಿದ್ದೂ ಯಾಕ ಹೂಂ ಅಂದ್ರಿ?"

ಕಳ್ಳ ಅನ್ನಿಸಿಕೊಳ್ಳಲು ಅಂಜಿದೆ ಎಂದೆ. ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೊಂಡಳು. ನಾನು ಹಿಂತಿರುಗಿ ನೋಡಿದೆ. ಬಿಸಿಲಿಗೆ ರಸ್ತೆ, ಊರವರು ಬೇಡಿದ ಹಾಗೆಯೇ, ಕರ್ರಗೆ ಹೊಳೆಯುತ್ತಿತ್ತು. ನಾಳೆ ಏಳಕ್ಕೆ ಶಾಂತಾ ಅದರ ಮೇಲೆ ಒಬ್ಬಳೇ ಹೋಗಬೇಕು.