ತಗ್ಗಿಸಿಕೊಂಡವರ ದಿಣ್ಣೆ

ಅಣ್ಣ ಕೊಟ್ಟು ಕಳಿಸಿದ ಚೀಟಿ ಬಿಚ್ಚಿದೆ, ಹುಳು ಮನೆ ವಾಸನೆ ಮೂಗಿಗೆ ಹೊಡೀತು. ರೇಷ್ಮೆ ಹುಳುವಿನ ತಟ್ಟೆಗೆ ಹಾಸೋ ಕಾಗದದ ಮೇಲೇ ಮೇಲೂರಿನ ನಮ್ಮ ಜಮೀನಿನ ನಕ್ಷೆ ಬರೆದು, ನಡುವೆ ಪೆನ್ಸಿಲ್ ಗೆರೆ ಎಳೆದಿದ್ದ. ನಮ್ಮ ಕಡೆ ಪದ್ಧತಿ ನಿಮಗೂ ಗೊತ್ತಿರಬಹುದು: ದೊಡ್ಡೋನು ಪಾಲು ಹಾಕ್ಬೇಕು, ಚಿಕ್ಕೋನು ಆರಿಸ್ಕೋಬೇಕು. ಚಿಕ್ಕೋನು ನಾನು. ಒಂದು ಪಾಲಿಗೆ ರಸ್ತೆ ಇದೆ, ಇನ್ನೊಂದಕ್ಕೆ ಬರೀ ಬಂಡೆ. ಅಪ್ಪ ಹೋದ ಮೇಲೆ ಪಾಲಿನ ಜಗಳಕ್ಕೆ ಎರಡು ವರ್ಷ ಅಣ್ಣನ ಜೊತೆ ಮಾತು ಬಿಟ್ಟು ನಾನು ಕಾದಿದ್ದು ಈ ಚೀಟಿಗೇ.

ಎಂಬತ್ತರ ದಶಕದಲ್ಲಿ ಅಪ್ಪನೂ ಹೀಗೇ ಚಿಕ್ಕೋರಾಗಿ ನಿಂತಿದ್ರು. ದೊಡ್ಡಪ್ಪ ಹಾಕಿದ ಪಾಲಲ್ಲಿ ಒಂದು ಕಡೆ ಬಾವಿ, ಇನ್ನೊಂದು ಕಡೆ ಈ ಒಣ ದಿಣ್ಣೆ. ಬಾವಿ ಅಪ್ಪಂದೇ ಅಂತ ಪಾಲು ಮಾಡಿಸೋಕೆ ಬಂದಿದ್ದ ಚರ್ಚಿನ ಪಾದ್ರಿಗಳೂ ಅಂದ್ಕೊಂಡಿದ್ರು. ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, "ನೀನೇ ಮೊದಲು ತಗೋ ಅಣ್ಣ. ನಂಗೆ ಸಮಾಧಾನ ಸಾಕು" ಅಂದ್ಬಿಟ್ರು.

ನಮ್ಮ ಚರ್ಚಿನ ಕನ್ನಡದಲ್ಲಿ ಸಮಾಧಾನ ಅಂದ್ರೆ ಶಾಂತಿ. ಅಮ್ಮನ ಕನ್ನಡದಲ್ಲಿ ಅದು ಅಳೋ ಮಗೂಗೆ ಮಾಡೋದು. "ಸಮಾಧಾನ ಹಾಯಿಸಿದ್ರೆ ಹಿಪ್ಪುನೇರಳೆ ಚಿಗುರುತ್ತಾ? ತಗ್ಗಿಸ್ಕೊಂಡೋರನ್ನ ಮೇಲಕ್ಕೆತ್ತೀನಿ ಅಂದ ದೇವರು ದಿಣ್ಣೆ ಕೊಟ್ಟ ನೋಡ್ರಪ್ಪಾ!" ಅಂತ ಬಿಂದಿಗೆ ಕುಕ್ಕೋಳು. ಆ ದಿಣ್ಣೆಗೆ ನೀರು ಹೊತ್ತೂ ಹೊತ್ತೂ ಅವಳ ಸೊಂಟ ಬಿದ್ದುಹೋಯ್ತು. ನಾನಂತೂ ಅಪ್ಪನ್ನ ಕ್ಷಮಿಸಲಿಲ್ಲ. ಮೀಸೆ ಬಂದ ಹೊಸದರಲ್ಲಿ, "ಕೈಲಾಗದೋರ ಭಕ್ತಿ" ಅಂತ ಎದುರಿಗೇ ಅಂದೆ.

"ಇರಬಹುದು ಕಣಪ್ಪ. ಸುಸ್ತಾಗಿತ್ತು" ಅಂದ್ರು ಅಪ್ಪ, ಅಷ್ಟೇ.

ಪಾಲಿಗೆ ಮುಂಚೆ ಅಪ್ಪ, ದೊಡ್ಡಪ್ಪ ಮಾತು ಬಿಟ್ಟಿದ್ದಾಗ ನಮ್ಮಜ್ಜಿ ಚರ್ಚಲ್ಲಿ ಒಂದು ಭಾನುವಾರ ದೊಡ್ಡಪ್ಪನ ಬೆಂಚು, ಇನ್ನೊಂದು ಭಾನುವಾರ ಅಪ್ಪನ ಬೆಂಚು ಅಂತ ಓಡಾಡೋಳು. ಪಾಲಾದ ವಾರ ಇಬ್ಬರು ಮಕ್ಕಳ ನಡುವೆ ಕೂತು, ಪಾದ್ರಿಗಳ ಪ್ರಸಂಗ ಮುಗಿಯೋವರೆಗೂ ನಿದ್ದೆ ಹೊಡೆದಳು. ಈಗ ಎರಡು ವರ್ಷದಿಂದ ನಮ್ಮಮ್ಮ ಬೆಂಚು ಬದಲಾಯಿಸ್ತಿದ್ದಾಳೆ, ಆ ಸೊಂಟ ಹಿಡ್ಕೊಂಡು.

ರಸ್ತೆ ಪಾಲು ನಂದು ಅಂತ ಹೇಳೋಕೇ ಅಣ್ಣಂಗೆ ಫೋನ್ ಮಾಡಿದ್ದು, ದೇವರಾಣೆ. ಆ ಕಡೆ ಅಣ್ಣ ಕೆಮ್ಮಿದ. ಥೇಟ್ ಅಪ್ಪನ ಕೆಮ್ಮು.

"ನೀನೇ ಮೊದಲು ತಗೋ ಅಣ್ಣ" ಅಂದೆ. ಭಕ್ತಿಯೂ ಅಲ್ಲ, ದೊಡ್ಡಸ್ತಿಕೆಯೂ ಅಲ್ಲ. ಸುಸ್ತಾಗಿತ್ತು.

"ಥೂ, ನಿಂಗೂ ಅಪ್ಪನ ಬುದ್ಧಿ ಬಂತೇನೋ" ಅಂದ ಅಣ್ಣ. ಆಮೇಲೆ ಮೆತ್ತಗೆ, "ಭಾನುವಾರ ಬೇಗ ಬಾರೋ. ಅಮ್ಮನ ಇನ್ನೊಂದು ಪಕ್ಕ ನಿಂಗೆ ಜಾಗ ಹಿಡಿದಿರ್ತೀನಿ" ಅಂದ.