ಕುಂಕುಮ ಇಟ್ಟ ತೊಗಟೆ

ಹೊಂಗೆ ಗಿಡದ ಬುಡದಲ್ಲಿ ಅರಿಶಿನ ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು. ಈಗ ನೆನೆದರೆ ಮೈ ಉರಿಯುತ್ತದೆ. ಆ ಬೆಳಿಗ್ಗೆ ಕಾಂಡದ ಸುತ್ತ ತೊಗಟೆ ಹೋಗಿದ್ದನ್ನು ನೋಡಿ ಎದೆ ಧಸಕ್ಕೆಂದಿತ್ತು. ಅರಿಶಿನ ನೋಡಿದ ಮೇಲೆ, ಸದ್ಯ, ನನಗಿಂತ ಮೊದಲು ಯಾರೋ ಪುಣ್ಯಾತ್ಮರು ಮದ್ದು ಹಾಕಿದ್ದಾರೆ ಅಂದುಕೊಂಡೆ. ಈಳಿಗೆಮಣೆಯಲ್ಲಿ ಬೆರಳು ಕುಯ್ದುಕೊಂಡರೆ ನಾವೆಲ್ಲ ಮೊದಲು ಒತ್ತುವುದು ಅದನ್ನೇ ತಾನೇ.

ಗಿಡ ನೆಟ್ಟವಳು ನಾನು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ಕ್ರಾಸು. ಕೇಬಲ್ ಹಾಕಲು ಅಗೆದವರು ಇದ್ದೊಂದು ದೊಡ್ಡ ಮರವನ್ನು ಬೀಳಿಸಿ ಹೋದ ಮೇಲೆ, ನನ್ನ ಗೇಟಿನ ಮುಂದಿನ ಅದೇ ಗುಂಡಿಯಲ್ಲಿ ಈ ಹೊಂಗೆ ಇಟ್ಟೆ. ಮೂರು ಬೇಸಿಗೆ ಅಕ್ಕಿ ತೊಳೆದ ನೀರು ಹಾಕಿ ಉಳಿಸಿಕೊಂಡೆ. ನನಗೆ ಮದುವೆಯಾಗಲಿಲ್ಲ. ಬೆನ್ಸನ್ ಟೌನಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ಬೇರೆಯವರ ಮಕ್ಕಳನ್ನು ಪಾಸು ಮಾಡಿಸಿದ್ದೇ ಬಂತು. ನನ್ನ ಕೈಯಲ್ಲಿ ಬೆಳೆದು ನನ್ನೆತ್ತರ ಮೀರಿದ್ದು ಆ ಗಿಡವೊಂದೇ. ಎದುರುಮನೆಯ ಹುಡುಗಿ ದಿನಾ ಆಫೀಸಿನ ಕ್ಯಾಬಿಗೆ ಕಾಯುತ್ತಿದ್ದದ್ದು ಅದರ ಅಂಗೈಯಗಲದ ನೆರಳಲ್ಲಿ. ನೋಡಿ ಹೆಮ್ಮೆಪಡುತ್ತಿದ್ದೆ.

ಕನ್ನಡಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಗಾಯ ನೋಡಿದೆ. ಸ್ಕೂಟರ್ ತಾಗಿದ್ದರೆ ಒಂದೇ ಬದಿ ತರಚಿರಬೇಕು. ಹಸು ಮೈ ಉಜ್ಜಿದ್ದರೆ ಅಂಚು ಸಿಬಿರೆದ್ದು ಕೂದಲು ಅಂಟಿರಬೇಕು. ಗಣೇಶನ ಹಬ್ಬದ ಸೀರಿಯಲ್ ಲೈಟಿನ ವೈರು ಮರೆತು ಬಿಟ್ಟಿದ್ದರೆ ಸಣ್ಣ ಕೊರಕಲು ಬೀಳುತ್ತದೆ. ಇಲ್ಲಿ ಮೊಣಕಾಲೆತ್ತರದಲ್ಲಿ, ಮೂರು ಬೆರಳಗಲ, ಬಳೆ ತೊಡಿಸಿದ ಹಾಗೆ ಸುತ್ತಲೂ ತೊಗಟೆ ಮಾಯ. ಚಾಕುವಿನ ಕೆಲಸ, ಅನುಮಾನವೇ ಇಲ್ಲ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಮೂಲಕ. ಒಂದೆಳೆ ಉಳಿಸಿದ್ದರೂ ಗಿಡ ಹೇಗೋ ಬದುಕಿಕೊಳ್ಳುತ್ತಿತ್ತು. ಪೂರ್ತಿ ಸುತ್ತು ಕಿತ್ತರೆ, ಮೇಲೆ ಹಸಿರಾಗಿಯೇ ಇರುವಾಗ ಕೆಳಗೆ ಬೇರು ಹಸಿದು ಸಾಯುತ್ತದೆ. ಪುಂಡ ಹುಡುಗರ ಕೆಲಸವೆಂದು ಬೈದುಕೊಂಡೆ.

ಎದುರುಮನೆಯಾಕೆ, ಅಂದರೆ ಆ ಹುಡುಗಿಯ ತಾಯಿ, ರಂಗೋಲಿ ಹಾಕುತ್ತಿದ್ದಳು. ಗಿಡಕ್ಕೆ ಅರಿಶಿನ ಹಾಕಿದ್ದು ಯಾರು ಅಂತ ಕೇಳಿದೆ.

"ನಾನೇ ರೀ," ಅಂದಳು.

ನಾನು ಎಂಥ ಬೆಪ್ಪಿ ನೋಡಿ, ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ. ಅವಳು ಕಾಫಿ ಕೊಟ್ಟಳು. ಕುಡಿದು ಬಂದೆ.

ಕಿತ್ತ ತೊಗಟೆ ಹಸಿಯಾಗಿ ಸಿಕ್ಕರೆ ಮತ್ತೆ ಅದೇ ಜಾಗಕ್ಕೆ ಕೂರಿಸಿ ಬಟ್ಟೆ ಬಿಗಿಯಬಹುದು. ಅದಕ್ಕೇ ಮೋರಿಯಲ್ಲಿ ಹುಡುಕಿದೆ. ಸಿಕ್ಕಿತು, ಆದರೆ ಮುರುಟಿ ಹೋಗಿತ್ತು. ಒಂದು ಚೂರನ್ನು ತಿರುಗಿಸಿದರೆ ಹೊರಮೈಗೆ ಅರಿಶಿನ ಬಳಿದು ಕುಂಕುಮ ಇಟ್ಟಿದೆ. ಬೊಟ್ಟಿನ ನಡುವೆ ಚಾಕು ಹಾದಿದೆ. ಇನ್ನರ್ಧ ಬೊಟ್ಟು ಗಾಯದ ಕೆಳಗೆ, ಗಿಡದ ಮೇಲೇ ಇತ್ತು, ನಾನೇ ಗಮನಿಸಿರಲಿಲ್ಲ. ಕುಂಕುಮ ಮೊದಲು, ಚಾಕು ಆಮೇಲೆ. ಮರ ಕಡಿಯುವ ಮುಂಚೆ ಪೂಜೆ ಮಾಡಿ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿದೆ ಎಂಬುದು ಆಗ ನೆನಪಾಯಿತು.

ಚೂರನ್ನು ಹಿಡಿದುಕೊಂಡೇ ವಾಪಸ್ ಹೋದೆ. ಅವಳೇನೂ ಸುಳ್ಳು ಹೇಳಲಿಲ್ಲ.

"ಬಾಗ್ಲಿಗೆ ಎದುರಾಗಿ ಮರ ಬೆಳೀಬಾರ್ದಂತೆ ರೀ. ವಾಸ್ತು ನೋಡೋರು ಬಂದು ಹೇಳಿದ್ರು. ನಮ್ ಹುಡ್ಗಿಗೆ ಬಂದ್ ಸಂಬಂಧ ಎಲ್ಲ ತಪ್ಪೋಗ್ತಿದೆ. ನಿಮ್ಗೆ ಹೇಳಿದ್ರೆ ಬಿಡ್ತಿದ್ರಾ? ನಾನೇನು ಸುಮ್ನೆ ಮಾಡಿಲ್ಲ, ಕ್ಷಮೆ ಕೇಳ್ಕೊಂಡೇ ಮಾಡಿದ್ದು."

"ಯಾರ ಹತ್ರ ಕೇಳಿದ್ರಿ?"

"ಗಿಡದ್ ಹತ್ರ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಅದು ನಿಮ್ ಬಾಗ್ಲಿಗೂ ಎದುರೇ ಅಲ್ವಾ," ಅಂದು ನನ್ನ ಬರಿ ಕೊರಳನ್ನು ಒಮ್ಮೆ ನೋಡಿದಳು. ನನಗೆ ಐವತ್ತು ದಾಟಿದೆ, ಗಿಡಕ್ಕೆ ಮೂರು ವರ್ಷ. ಹುಟ್ಟದೇ ಇದ್ದ ಗಿಡ ನನ್ನ ಮದುವೆ ಹೇಗೆ ತಪ್ಪಿಸಿತು ಅಂತ ಕೇಳಬೇಕಿತ್ತು. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಚಾಕು ನಾನೂ ತೆಗೆದುಕೊಂಡೆ. ಬಿಸಿನೀರಲ್ಲಿ ಅದ್ದಿ, ಗಾಯದ ಮೇಲಂಚು ಕೆಳಅಂಚು ಹಸಿ ಕಾಣುವ ತನಕ ಸವರಿದೆ. ಅದೇ ಗಿಡದಿಂದ ಪೆನ್ಸಿಲ್ ದಪ್ಪದ ನಾಲ್ಕು ಕಡ್ಡಿ ಕತ್ತರಿಸಿ, ಎರಡೂ ತುದಿ ಚೂಪು ಮಾಡಿ, ಒಂದು ತುದಿಯನ್ನು ಗಾಯದ ಕೆಳಗಿನ ತೊಗಟೆಯೊಳಗೆ, ಇನ್ನೊಂದನ್ನು ಮೇಲಿನ ತೊಗಟೆಯೊಳಗೆ ತೂರಿಸಿ, ಆಹಾರ ಬೇರಿಗೆ ಇಳಿಯಲೆಂದು ಸೇತುವೆ ಕಟ್ಟಿದೆ. ಕಡ್ಡಿ ತಲೆಕೆಳಗಾದರೆ ಬೆಸೆಯುವುದಿಲ್ಲ ಎಂದು ಬೋರ್ಡಿನ ಮೇಲೆ ಎಷ್ಟೋ ವರ್ಷ ಚಿತ್ರ ಬರೆದವಳು, ಇಲ್ಲಿ ಪ್ರತಿ ಕಡ್ಡಿಯನ್ನೂ ಎರಡೆರಡು ಸಲ ತಿರುಗಿಸಿ ನೋಡಿದೆ. ಮೇಣ ಮೆತ್ತಿ, ಹಳೆ ಸೀರೆಯ ಪಟ್ಟಿ ಸುತ್ತಿದೆ. ಹೋಗಿಬರುವವರೆಲ್ಲ, "ಚೆನ್ನಾಗೇ ಇದ್ಯಲ್ಲ ಮೇಡಂ, ಏನಾಗಿದೆ ಗಿಡಕ್ಕೆ?" ಅನ್ನುವವರೇ.

ಎರಡು ಕಡ್ಡಿ ಕಪ್ಪಗಾಗಿ ಒಣಗಿದವು. ಇನ್ನೆರಡು ಹಿಡಿದಿದ್ದವು. ಉಗುರಲ್ಲಿ ಕೆರೆದರೆ ಹಸಿರು ಕಾಣುತ್ತಿತ್ತು. ಅಷ್ಟರಲ್ಲಿ ಹುಡುಗಿಗೆ ಸಂಬಂಧವೂ ಕುದುರಿತು.

ತಾಯಿ ರೇಷ್ಮೆ ಸೀರೆಯುಟ್ಟು ಲಗ್ನಪತ್ರಿಕೆ, ಕುಂಕುಮದ ಭರಣಿ ಹಿಡಿದು ಬಂದಳು. "ನೋಡಿದ್ರಾ, ಆಗೇಹೋಯ್ತು," ಅಂದಳು. ಅವಳ ಲೆಕ್ಕದಲ್ಲಿ ಗಿಡ ಸತ್ತಿತ್ತು. ಆದರೂ ಅದೇ ಉಸಿರಿನಲ್ಲಿ, "ಚಪ್ಪರಕ್ಕೆ ಹೊಂಗೆ ಸೊಪ್ಪು ಬೇಕಿತ್ತು ರೀ, ಎಲೆ ಇನ್ನೂ ಹಸಿರಾಗೇ ಇದೆ, ಹೇಗೂ ಹೋಗೋ ಗಿಡ," ಎಂದು ಭರಣಿಗೆ ಬೆರಳದ್ದಿ ನನ್ನ ಹಣೆಯತ್ತ ಕೈ ತಂದಳು.

ನಾನು ಹಿಂದೆ ಸರಿದೆ. "ಬೇಡ ರೀ. ನೀವು ಕುಂಕುಮ ಇಟ್ಟ್ಮೇಲೆ ಏನ್ ಮಾಡ್ತೀರ ಅಂತ ನಂಗೊತ್ತು."

ಅವಳ ಮುಖ ಸಣ್ಣಗಾಯಿತು. ಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು ಹೋದಳು. ನಾನು ಮದುವೆಗೆ ಹೋಗಲಿಲ್ಲ. ಚಪ್ಪರದ ಸೊಪ್ಪು ಬೇರೆಲ್ಲಿಂದಲೋ ಆಟೋದಲ್ಲಿ ಬಂತು.

ಎರಡು ಕಡ್ಡಿಗಳ ಮೇಲೆ ಗಿಡ ಈಗ ನಿಂತಿದೆ, ಒಂದು ಕಡೆ ವಾಲಿಕೊಂಡು. ಈ ಸಲ ಚಿಗುರಿತು ಕೂಡ. ಅದು ಅವಳನ್ನು ಕ್ಷಮಿಸಿದ್ದರೂ ಕ್ಷಮಿಸಿರಬಹುದು, ಅದನ್ನಾದರೆ ಕೇಳಿದ್ದಳು. ನನ್ನನ್ನು ಇವತ್ತಿನವರೆಗೂ ಕೇಳಿಲ್ಲ.